ಪದ್ಮಾವತಿಯ ಹೆಸರಿನ ಹರಕೆ

ಕಾದಂಬರಿ ಕೈಗೆ ಸಿಕ್ಕಿದರೆ ನಾನು ಮೊದಲು ಓದುವುದು ಅದರ ಕಡೆಯ ಪುಟವನ್ನು. ಇದು ಒಳ್ಳೆಯ ಅಭ್ಯಾಸವಲ್ಲ ಎಂದು ನನಗೂ ಗೊತ್ತು. ಇದಕ್ಕಾಗಿ ಮನೆಯಲ್ಲಿ ನಾನು ಕೇಳದ ಮಾತಿಲ್ಲ. "ಎಲೆಗೆ ಅನ್ನ ಬೀಳುವ ಮೊದಲೇ ಮಜ್ಜಿಗೆ ಕೇಳುವ ಜಾತಿ ನಿನ್ನದು" ಎನ್ನುತ್ತಿದ್ದರು ನಮ್ಮ ಯಜಮಾನರು. ಅವರು ಪತ್ತೇದಾರಿ ಕಾದಂಬರಿಗಳ ಭಕ್ತರು. ಅವರು ಅರ್ಧ ಓದಿ ಮಗುಚಿಟ್ಟ ಪುಸ್ತಕದ ಕಡೆಯ ಪುಟ ನೋಡಿ, ಕೊಲೆ ಮಾಡಿದ್ದು ಡಾಕ್ಟರೇ ಎಂದು ಒಮ್ಮೆ ನಾನು ಬಾಯಿ ಜಾರಿದ್ದಕ್ಕೆ ಆ ದಿನವಿಡೀ ನನ್ನೊಡನೆ ಮಾತಾಡಲಿಲ್ಲ. ಮೊನ್ನೆ ಮೊಮ್ಮಗಳೂ ಹಿಡಿದಳು.

"ಕತೆ ಎಲ್ಲ ಹಾಳು ಮಾಡ್ಕೊಳ್ತೀರಲ್ಲ ಅಜ್ಜಿ!"

"ಹಾಳಾಗುದಿಲ್ಲ ಮಗಾ. ಬಾಗಿಲು ತೆಗೀತಾರಾ ಇಲ್ವಾ ಅಂತ ಒಮ್ಮೆ ನೋಡಿಕೊಳ್ಳುದು, ಅಷ್ಟೆ."

"ಯಾವ ಬಾಗಿಲು?"

ಅದನ್ನು ಹೇಳಬೇಕಾದರೆ ಪುತ್ತೂರಿಗೆ ಹೋಗಬೇಕು, ಅದೂ ಅರವತ್ತರ ದಶಕದ ಪುತ್ತೂರಿಗೆ. ಮೊಮ್ಮಗಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ನಿಮಗೆ ಇದ್ದರೆ ಹೇಳುತ್ತೇನೆ.

ನಮ್ಮ ಊರು ಸುಳ್ಯದ ಕಡೆಯ ಮರ್ಕಂಜ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಪಾಸಾದದ್ದು ನಮ್ಮ ಮನೆಯಲ್ಲಿ ಒಂದು ಆಕಸ್ಮಿಕ. ಅದಕ್ಕಿಂತ ದೊಡ್ಡ ಆಕಸ್ಮಿಕವೆಂದರೆ, "ಇನ್ನೂ ಓದಲಿ" ಎಂದು ಅಪ್ಪ ಹೇಳಿದ್ದು. ಪುತ್ತೂರಿನಲ್ಲಿ ಆಗಷ್ಟೇ ಕಾಲೇಜು ಬಂದು ನಿಂತಿತ್ತು. ಆದರೆ ಹೆಣ್ಣುಹುಡುಗಿ ಅಲ್ಲಿ ಇರುವುದು ಎಲ್ಲಿ? ಹಾಸ್ಟೆಲ್ಲಿನ ಊಟ ಮೈಗೆ ಹಿಡಿಯುವುದಿಲ್ಲ ಎಂದು ಅಮ್ಮ, ಹಾಸ್ಟೆಲ್ಲೇ ಮೈಗೆ ಹಿಡಿಯುವುದಿಲ್ಲ ಎಂದು ದೊಡ್ಡಪ್ಪ. ಕೊನೆಗೆ ಅಪ್ಪನ ಅಮ್ಮ, ನಮ್ಮ ಪೂವಕ್ಕಜ್ಜಿ, ಎಲೆಯಡಿಕೆಯ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನು ಹೋಗ್ತೇನೆ ಅವಳ ಒಟ್ಟಿಗೆ. ಗಂಜಿ ಬೇಯಿಸ್ಲಿಕ್ಕೆ ಎಂತ ಕಾಲೇಜು ಕಲೀಬೇಕಾ?" ಎಂದು ತೀರ್ಪು ಕೊಟ್ಟರು. ಅಜ್ಜಿ ಆಡುತ್ತಿದ್ದದ್ದು ಅರೆಭಾಷೆ. ನಿಮಗೆ ತಿಳಿಯಲಿ ಎಂದು ನಾನು ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ಅದರ ಖಾರ ಅರ್ಧದಷ್ಟು ಇಳಿದಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ದರ್ಬೆಯ ಹತ್ತಿರ ಒಂದು ಎಣ್ಣೆ ಮಿಲ್ಲಿನ ಹಿಂದೆ ನಮಗೆ ಸಿಕ್ಕಿದ್ದು ಒಂದು ಕೋಣೆ, ಅದರ ಮೂಲೆಯಲ್ಲಿ ಒಲೆ. ಬಾಗಿಲು ತೆರೆದಿಟ್ಟರೆ ರಸ್ತೆಯ ಧೂಳು ಬರುತ್ತಿತ್ತು. ಧೂಳಿನ ಹಿಂದೆ ಹಿಂಡಿಯ ವಾಸನೆಗೆ ಬಂದ ಯಾರದೋ ದನ ಬರುತ್ತಿತ್ತು. ಹಾಗಾಗಿ ಹಗಲೂ ಅಗಳಿ ಹಾಕಿಕೊಂಡೇ ಇರಬೇಕಿತ್ತು. ಅಜ್ಜಿಗೆ ಪುತ್ತೂರಿನಲ್ಲಿ ಸರಿಬಾರದೆ ಇದ್ದದ್ದು ಇದೊಂದೇ. "ಹಾಡುಹಗಲು ಬಾಗಿಲು ಹಾಕಿಕೊಂಡು ಕೂತುಕೊಳ್ಳಿಕ್ಕೆ ನಾವೆಂತ ಕದ್ದುಕೊಂಡು ಬಂದದ್ದಾ?" ನಮ್ಮ ಕಡೆ ಬಾಗಿಲು ತಟ್ಟುವ ಪದ್ಧತಿಯೇ ಇಲ್ಲ. ಬಂದವರು ಅಂಗಳದಲ್ಲಿ ನಿಂತು ಕೆಮ್ಮುತ್ತಾರೆ, ಇಲ್ಲವೇ ನಾಯಿಗೆ ಗದರುತ್ತಾರೆ. ಅಷ್ಟರಲ್ಲಿ ಬಂದದ್ದು ಯಾರು, ಯಾಕೆ ಬಂದದ್ದು, ಊಟಕ್ಕೆ ನಿಲ್ಲುವವರೋ ಅಲ್ಲವೋ ಎಲ್ಲವೂ ಒಳಗಿನವರಿಗೆ ಗೊತ್ತಾಗಿರುತ್ತದೆ. ಹಾಲಿನವನು ಮೊದಲ ದಿನ ಬಾಗಿಲು ತಟ್ಟಿದಾಗ ಅಜ್ಜಿ, "ಕೂಸೇ, ಮಾಡಿನ ಮರಕ್ಕೆ ಮರಕುಟಿಗ ಬಂದಿದೆ ನೋಡು" ಎಂದಿದ್ದರು.

ಇನ್ನು ನನ್ನ ಓದಿನ ವಿಷಯ. ನಮ್ಮ ಮನೆಯಲ್ಲಿ ಓದುವುದು ಎಂದರೆ ಗಟ್ಟಿಯಾಗಿ ಓದುವುದು. ತೋಟದಲ್ಲಿ ಕೆಲಸ ಮಾಡುವ ಅಪ್ಪನಿಗೆ ಮಕ್ಕಳ ಸ್ವರ ಕೇಳುತ್ತಾ ಇರಬೇಕು. ಸ್ವರ ನಿಂತರೆ ಓದು ನಿಂತಿತೆಂದು ಅರ್ಥ, ಆಗ ಅಲ್ಲಿಂದಲೇ ಒಂದು ಕೂಗು ಬರುತ್ತಿತ್ತು. ಈ ವ್ಯವಸ್ಥೆ ಪುತ್ತೂರಿಗೂ ಬಂತು. ಸಂಜೆ ಕಾಲೇಜಿನಿಂದ ಬಂದು ನಾನು ಗೋಡೆಗೆ ಒರಗಿ ಓದಬೇಕು, ಅಜ್ಜಿ ಎದುರು ಕುಳಿತು ಅಡಿಕೆ ಕತ್ತರಿಸುತ್ತಾ ನನ್ನ ಸ್ವರವನ್ನು ಕಾಯಬೇಕು. ಲಾಜಿಕ್ಕು, ಇಂಗ್ಲೀಷು ಎಲ್ಲ ಅವರ ಕಿವಿಯ ಪಕ್ಕದಲ್ಲಿ ಹಾದುಹೋದವು. ಇತಿಹಾಸದಲ್ಲಿ ಒಬ್ಬ ರಾಜ ತಮ್ಮನನ್ನು ಕೊಲ್ಲಿಸಿದ ಕಡೆ ಮಾತ್ರ ತಲೆಯೆತ್ತಿ, "ಪುಂಡ!" ಎಂದರು.

ಆಮೇಲೆ ಬಂತು ಕಾದಂಬರಿ. ಕನ್ನಡಕ್ಕೆ ನಾನ್‌ಡಿಟೇಲ್, ಎಂದರೆ ಉಪಪಠ್ಯ, ಎಂದು ಇಟ್ಟಿದ್ದದ್ದು. ಹೆಸರು ಕೇಳಬೇಡಿ. ಬರೆದವರ ಹೆಸರು, ಹುಟ್ಟಿದ ಊರು, ಪಡೆದ ಬಿರುದು ಎಲ್ಲವನ್ನೂ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಪರೀಕ್ಷೆ ಮುಗಿದ ಮರುದಿನ ಅವೆಲ್ಲ ನನ್ನ ತಲೆಯಿಂದ ಹೊರಟುಹೋದವು. ಕತೆ ಮಾತ್ರ ಹೋಗಲಿಲ್ಲ.

ಬಯಲಸೀಮೆಯ ಒಂದು ಊರು. ದೇವರ ಮೇಲೆ ಭಯ-ಭಕ್ತಿ ಬಹಳ ಇರುವ ಮನೆ. ಅಕ್ಕ ಪದ್ಮಾವತಿ, ತಮ್ಮ ವಾಸುದೇವ. ಪದ್ಮಾವತಿ ತನಗೆ ಮೆಚ್ಚಿದವನನ್ನು ಮದುವೆಯಾಗುತ್ತಾಳೆ, ಅದು ತಮ್ಮನಿಗೆ ಸರಿಬರುವುದಿಲ್ಲ. ಮುಂದೆ ತಂದೆ ತೀರಿಕೊಂಡಾಗ ಅವನು ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿಸುವುದಿಲ್ಲ. ಅವಳು ಓಡೋಡಿ ಬರುವಾಗ ಚಿತೆ ಆರಿರುತ್ತದೆ. ಅವಳು ಮನೆದೇವರ ಮುಂದೆ ನಿಂತು, ಇನ್ನು ಈ ಹೊಸಿಲು ತುಳಿಯುವುದಿಲ್ಲ, ನೀನೂ ನನ್ನ ಹೊಸಿಲು ತುಳಿಯಕೂಡದು ಎಂದು ಆಣೆ ಹಾಕಿ ಹೊರಟುಹೋಗುತ್ತಾಳೆ. ಅಲ್ಲಿಂದ ಮುಂದೆ ಇಬ್ಬರೂ ಮುದುಕರಾಗುವ ತನಕ ಕತೆ ನಡೆಯುತ್ತದೆ.

ಆ ಆಣೆಯ ಪುಟ ಓದುತ್ತಿದ್ದಂತೆ ಅಡಿಕೆ ಕತ್ತರಿಯ ಶಬ್ದ ನಿಂತಿತು. ನೋಡಿದರೆ ಅಜ್ಜಿ ಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

"ಯಾವ ದೇವರ ಎದುರು ಹಾಕಿದ ಆಣೆ ಅದು?"

"ಮನೆದೇವರು ಅಂತ ಬರೆದಿದ್ದಾರೆ ಅಜ್ಜಿ."

"ಅಯ್ಯೋ ಕೆಟ್ಟಿತು! ಬಿಡಿಸಿಕೊಳ್ಳಿಕ್ಕೆ ಇಬ್ಬರೂ ಒಟ್ಟಿಗೆ ಹೋಗಬೇಕಾಗ್ತದೆ. ಒಬ್ಬರಿಂದ ಆಗುದಿಲ್ಲ."

ಅಜ್ಜಿಗೆ ಇದು ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ಈಗ ಹೇಳಬೇಕು.

ಅಜ್ಜಿಯ ತವರು ಕಡಬದ ಆಚೆ ಕೋಡಿಂಬಾಳ. ಅಲ್ಲಿ ಅವರಿಗೆ ಒಬ್ಬನೇ ತಮ್ಮ, ಬೆಳ್ಯಪ್ಪಜ್ಜ. ಚಿಕ್ಕಂದಿನಲ್ಲಿ ತಾಯಿ ತೀರಿಹೋದ ಮೇಲೆ ಅವನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದ್ದು ಅಜ್ಜಿಯೇ. ಆ ತಮ್ಮ ತನ್ನ ದೊಡ್ಡ ಮಗಳ ಮದುವೆಯ ಹೇಳಿಕೆಯನ್ನು ಮನೆಗೆ ಬಂದು ಹೇಳಲಿಲ್ಲ. ಪುತ್ತೂರಿನಿಂದ ನಮ್ಮ ಕಡೆ ಬರುವಾಗ ಅವನಿಗೆ ಕುಂಬ್ರದ ಹೋಟೆಲಿನಲ್ಲಿ ನಮ್ಮ ಅಜ್ಜ ಸಿಕ್ಕಿದರಂತೆ. ಚಹಾ ಕುಡಿಯುತ್ತಾ, "ಭಾವ, ಇಂಥಾ ದಿನ ಮದುವೆ, ಎಲ್ಲರೂ ಬನ್ನಿ, ಅಕ್ಕನಿಗೂ ಹೇಳಿ" ಎಂದುಬಿಟ್ಟನಂತೆ. ನಮ್ಮ ಅಜ್ಜ ಭೋಳೆ ಮನುಷ್ಯ, ಚಹಾ ಕುಡಿದು ಬಂದು ಹಾಗೆಯೇ ಒಪ್ಪಿಸಿದರು.

ನಮ್ಮಲ್ಲಿ ಹೇಳಿಕೆ ಎಂದರೆ ಅಂಗಳಕ್ಕೆ ಬರಬೇಕು, ವೀಳ್ಯದೆಲೆ ಹಿಡಿಯಬೇಕು, ಮನೆಯವರನ್ನು ಕರೆದು ಹೆಸರೆತ್ತಿ ಹೇಳಬೇಕು. ಮದುಮಗಳ ಸೋದರತ್ತೆಗೆ ಹೋಟೆಲಿನ ಹೇಳಿಕೆ! ಅಜ್ಜಿ ಮದುವೆಗೆ ಹೋಗಲಿಲ್ಲ. ಮದುವೆ ಮುಗಿದ ಮೇಲೆ ತಮ್ಮ ಸಿಟ್ಟಿನಲ್ಲಿ ಬಂದು, ಸೋದರತ್ತೆ ಇಲ್ಲದೆ ನನ್ನ ಮಗಳ ಧಾರೆ ಆಯಿತಲ್ಲ ಎಂದು ಅಂಗಳದಲ್ಲೇ ಕೂಗಾಡಿದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಇಬ್ಬರೂ ತವರುಮನೆಯ ದೈವದ ಹೆಸರೆತ್ತಿ, ನಿನ್ನ ಮನೆಯ ನೀರು ಮುಟ್ಟಿದರೆ ಕೇಳು ಎಂದು ಆಣೆ ಹಾಕಿಕೊಂಡರು.

ಇದೆಲ್ಲ ನಾನು ಹುಟ್ಟುವುದಕ್ಕೆ ಮೊದಲಿನದು. ನನಗೆ ಗೊತ್ತಿದ್ದದ್ದು ಇಷ್ಟು: ಸುಳ್ಯದ ಬಸ್ಸು ಕುಂಬ್ರದಲ್ಲಿ ನಿಂತಾಗಲೆಲ್ಲ ಅಜ್ಜಿ ಮುಖವನ್ನು ಆಚೆಗೆ ತಿರುಗಿಸಿ ಕೂರುತ್ತಿದ್ದರು. ಆಣೆ ಬಿಡಿಸಿಕೊಳ್ಳಲು ದಾರಿ ಇತ್ತು. ಇಬ್ಬರೂ ಒಟ್ಟಿಗೆ ದೈವದ ಎದುರು ನಿಂತರೆ ಸಾಕು. ಆದರೆ ಹೋಗುವ ಎಂದು ಮೊದಲು ಹೇಳಿ ಕಳಿಸುವವರು ಯಾರು? "ಅವ ಹೇಳಿ ಕಳಿಸಲಿ, ಕಿರಿಯವನು" ಎಂದು ಇವರು. "ಅಕ್ಕ ಕರೆಯಲಿ, ಹಿರಿಯವಳು" ಎಂದು ಅವರು. ನಡುವೆ ಎರಡೂ ಮನೆಗಳಲ್ಲಿ ಹೆರಿಗೆಗಳಾದವು, ಸಾವುಗಳಾದವು. ನಮ್ಮ ಅಜ್ಜ ತೀರಿಕೊಂಡಾಗ ಬೆಳ್ಯಪ್ಪಜ್ಜ ಬಂದು, ತೋಟದ ಬದಿಯಲ್ಲಿ ದೂರ ನಿಂತು ಹೋದರಂತೆ. ಒಂದು ಲೋಟ ನೀರು ಕೊಡುವಂತಿಲ್ಲ.

ಮರುದಿನ ನಾನು ಕಾಲೇಜಿನಿಂದ ಬಂದಾಗ ದೇವರ ಪಟದ ಹತ್ತಿರ ಅರಸಿನ ಬಟ್ಟೆಯ ಒಂದು ಪುಟ್ಟ ಗಂಟು ನೇತಾಡುತ್ತಿತ್ತು.

"ಎಂತದ್ದು ಅಜ್ಜಿ ಇದು?"

"ಮುಡಿಪು. ಹರಕೆ ಹೇಳಿಕೊಂಡೆ."

"ಯಾರಿಗೆ ಎಂತ ಆಯ್ತು?" ನನಗೆ ಗಾಬರಿಯಾಯಿತು.

"ಪದ್ಮಾವತಿಗೆ. ಅಕ್ಕ-ತಮ್ಮ ಒಂದಾಗಲಿ ಅಂತ."

ನಾನು ಪುಸ್ತಕ ಹಿಡಿದುಕೊಂಡೇ ನೆಲಕ್ಕೆ ಕುಸಿದು ನಕ್ಕೆ. "ಅಜ್ಜೀ, ಅವಳು ಕತೆಯವಳು! ನಿಜವಾಗಿ ಇಲ್ಲವೇ ಇಲ್ಲ!"

"ನಿನ್ನೆ ಓದುವಾಗ ನೀನೇ ಮೂಗು ಒರೆಸಿಕೊಂಡದ್ದಲ್ವಾ? ಇಲ್ಲದವಳಿಗೆ ಯಾಕೆ ಅತ್ತದ್ದು ನೀನು?"

ನಾನು ಎದ್ದು ಕೂತು ಪುಸ್ತಕ ಬದಿಗಿಟ್ಟೆ. "ಆಯ್ತು, ಯಾವ ದೇವರಿಗೆ ಹೇಳಿಕೊಂಡದ್ದು?" ಎಂದೆ.

ಅಜ್ಜಿ ಎಲೆಗೆ ಸುಣ್ಣ ಹಚ್ಚಿದರು. "ಬಾಯಿಗೆ ಬಂದದ್ದು ನಮ್ಮ ಕೋಡಿಂಬಾಳದ ದೈವ" ಎಂದರು.

ಈ ಹೊತ್ತಿಗೆ ನಮ್ಮ ಓದಿಗೆ ಇನ್ನೊಬ್ಬಳು ಸೇರಿದ್ದಳು. ನನ್ನ ಕ್ಲಾಸಿನ ಏಲಿಯಾಮ್ಮ. ಅವಳ ತಂದೆ ಕೇರಳದಿಂದ ಬಂದು ಕಡಬದ ಕಡೆ ಕಾಡು ಕಡಿದು ರಬ್ಬರು ಹಾಕಿದವರು. ಅವಳು ಕನ್ಯಾಸ್ತ್ರೀಯರ ಹಾಸ್ಟೆಲಿನಲ್ಲಿದ್ದಳು. ಕನ್ನಡ ಓದಲು ಅವಳಿಗೆ ತಡವಾಗುತ್ತಿತ್ತು, ಕೇಳಿದರೆ ಎಲ್ಲ ತಿಳಿಯುತ್ತಿತ್ತು. ಹಾಗಾಗಿ ಸಂಜೆ ಬಂದು ಅಜ್ಜಿಯ ಪಕ್ಕದಲ್ಲಿ ಕೂರುತ್ತಿದ್ದಳು. ಊರಿಗೆ ಹೋಗಿ ಬಂದಾಗ ಅಜ್ಜಿಗೆಂದು ಒಣಗಿಸಿದ ಮರಗೆಣಸು ತರುತ್ತಿದ್ದಳು. ಕತೆಯ ನಡುವೆ ಇಬ್ಬರಿಗೂ ಚರ್ಚೆ.

"ಜಗಳ ಇಟ್ಟುಕೊಂಡು ಪೂಜೆಗೆ ನಿಲ್ಲಬಾರದು, ಮೊದಲು ಹೋಗಿ ರಾಜಿಯಾಗಿ ಬಾ ಅಂತ ನಮ್ಮ ಪಾದ್ರಿ ಅಚ್ಚನ್ ಪಳ್ಳಿಯಲ್ಲಿ ಹೇಳ್ತಾರೆ ಅಮ್ಮಚ್ಚೀ. ಈ ಪದ್ಮಾವತಿ ಸುಮ್ಮನೆ ಹೋಗಿ ಮಾತಾಡಿದ್ರೆ ಆಗುದಿಲ್ವಾ?"

"ನಿಮ್ಮ ದೇವರಿಗೆ ಅವಸರ ಮಗಾ. ನಮ್ಮ ದೈವಕ್ಕೆ ಒಂದು ಕ್ರಮ ಉಂಟು."

ಒಂದು ಸೋಮವಾರ ಏಲಿಯಾಮ್ಮ ಮರಗೆಣಸಿನ ಪೊಟ್ಟಣ ಬಿಚ್ಚುತ್ತಾ ಊರಿನ ಸುದ್ದಿ ಹೇಳುತ್ತಿದ್ದಳು. "ನಮ್ಮ ತೋಟದ ಆಚೆ ಒಬ್ಬರು ಅಜ್ಜ ಉಂಟು, ಬೆಳ್ಯಪ್ಪ ಗೌಡರು ಅಂತ. ಗದ್ದೆಯ ಅಂಚಿನ ಕಟ್ಟಪುಣಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದಾರೆ. ಮಲಗಿದಲ್ಲೇ. ಊಟವೂ ಬೇಡ ಹೇಳ್ತಾರಂತೆ. ನಮ್ಮ ಅಪ್ಪಚ್ಚನ್ ನೋಡಿ ಬಂದರು, ಎದ್ದರೆ ಪುಣ್ಯ ಅಂದರು."

ನಾನು ಅಜ್ಜಿಯ ಮುಖ ನೋಡಿದೆ. ಅಜ್ಜಿ ಮರಗೆಣಸನ್ನು ತಿರುಗಿಸಿ ತಿರುಗಿಸಿ ನೋಡುತ್ತಾ, "ಒಳ್ಳೆ ಒಣಗಿದೆ" ಎಂದರು. ಆಮೇಲೆ ಎದ್ದು ಒಲೆಯ ಹತ್ತಿರ ಹೋಗಿ ಬೆನ್ನು ಹಾಕಿ ಕೂತರು. ಆ ದಿನ ಗಂಜಿಗೆ ಉಪ್ಪು ಬಿದ್ದಿರಲಿಲ್ಲ. ನಾನು ಹಾಗೆಯೇ ಉಂಡೆ.

ಆ ವಾರವಿಡೀ ಏಲಿಯಾಮ್ಮನನ್ನು ಅಜ್ಜಿ ಸುತ್ತಿ ಬಳಸಿ ಕೇಳುತ್ತಿದ್ದರು. ನಿಮ್ಮ ಊರಲ್ಲಿ ನಾಟಿ ವೈದ್ಯರು ಉಂಟಾ? ಸೊಂಟ ನೋವಿಗೆ ಎಣ್ಣೆ ಮಾಡುವವರು ಯಾರಾದ್ರೂ? ಸುಮ್ಮನೆ ಕೇಳಿದ್ದು, ನನ್ನ ಸೊಂಟಕ್ಕೆ. ಏಲಿಯಾಮ್ಮ ಬುದ್ಧಿವಂತೆ. ನನ್ನನ್ನು ಹೊರಗೆ ಕರೆದು, "ಅಮ್ಮಚ್ಚಿಗೆ ಆ ಅಜ್ಜ ಎಂತ ಆಗ್ಬೇಕು?" ಎಂದಳು. ಹೇಳಿದೆ. "ಈಶೋಯೇ!" ಎಂದು ಅವಳು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು.

"ಹೋಗಿ ಬರುವ ಅಜ್ಜಿ" ಎಂದು ನಾನು ಒಮ್ಮೆ ಹೇಳಿದೆ. ಅಜ್ಜಿ ಸಿಡಿದರು. "ಹೋಗಿ ಎಂತ ಮಾಡುದು? ಅವನ ಬಾಯಿಗೆ ಒಂದು ಹನಿ ನೀರು ಬಿಡ್ಲಿಕ್ಕೆ ಇಲ್ಲ. ಅವ ಕರೆದಾಗ ಹೋಗುವ ಅಂತ ಕೂತೆ. ಈಗ ಅವನಿಗೆ ಕರೀಲಿಕ್ಕೂ ಆಗುದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, "ಓದು, ಓದು. ಆ ವಾಸುದೇವನ ಕತೆ ಎಲ್ಲಿಗೆ ಬಂತು?" ಎಂದರು. ನನಗೆ ಆಗ ಅರ್ಥವಾಯಿತು. ತನ್ನದನ್ನು ಕೇಳಿಕೊಳ್ಳಲು ಬಾಯಿ ಬಾರದೆ ಅಜ್ಜಿ ಪದ್ಮಾವತಿಯದನ್ನು ಕೇಳಿಕೊಂಡಿದ್ದರು.

ಆದ್ದರಿಂದ ಕಾದಂಬರಿಯ ಕೊನೆಯ ಅಧ್ಯಾಯ ಓದುವ ಸಂಜೆ ನಮ್ಮ ಕೋಣೆಯಲ್ಲಿ ಉಸಿರು ಬಿಗಿ ಹಿಡಿದ ಹಾಗಿತ್ತು. ಮುದುಕನಾದ ವಾಸುದೇವ ಅಕ್ಕನ ಊರಿಗೆ ಬರುತ್ತಾನೆ. ದಾರಿ ಕೇಳಿಕೊಂಡು ಅವಳ ಮನೆಯ ಮುಂದೆ ನಿಲ್ಲುತ್ತಾನೆ. ಬಾಗಿಲು ತಟ್ಟುತ್ತಾನೆ. ಅಕ್ಕಾ ಎಂದು ಕರೆಯುತ್ತಾನೆ. ಒಳಗೆ ಪದ್ಮಾವತಿಗೆ ಸ್ವರದ ಗುರುತು ಹತ್ತುತ್ತದೆ. ಅವಳು ಅಲುಗಾಡುವುದಿಲ್ಲ. ನಾನು ಪುಟ ತಿರುಗಿಸಿದೆ. ಆಚೆ ಪುಟ ಬರೀ ಬಿಳಿ.

"ಮುಂದೆ?" ಎಂದರು ಅಜ್ಜಿ.

"ಮುಗಿಯಿತು."

"ಮುಗಿಯಿತು ಅಂದ್ರೆ? ಬಾಗಿಲು?"

"ತೆಗೆದದ್ದು ಬರೆದಿಲ್ಲ ಅಜ್ಜಿ."

ಅಜ್ಜಿ ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, ಅಕ್ಷರ ಬಾರದಿದ್ದರೂ ರಟ್ಟಿನ ಒಳಗೆಲ್ಲ ಹುಡುಕಿದರು. "ಎಂತ ಪುಸ್ತಕ ಮಾರಾಯ್ತಿ ಇದು! ಇಷ್ಟು ದಿನ ನಮ್ಮ ಕರುಳು ಹಿಂಡಿ ಬಾಗಿಲು ತೆಗೆಯದೆ ಹೋಗುದಾ? ಮೊದಲೇ ಕಡೆ ನೋಡಿಕೊಳ್ಬೇಕಿತ್ತು ಕೂಸೇ ನೀನು. ಹೆಣ್ಣು ನೋಡ್ಲಿಕ್ಕೆ ಹೋದವರು ಮನೆಯ ಹಿತ್ತಲು ನೋಡಿ ಬರುದಿಲ್ವಾ?" ಅಂದಿನಿಂದ ನಾನು ಪುಸ್ತಕಗಳ ಹಿತ್ತಲನ್ನು ಮೊದಲು ನೋಡುತ್ತೇನೆ.

ಅಜ್ಜಿಗೆ ಈಗ ದೊಡ್ಡ ಕಷ್ಟಕ್ಕೆ ಇಟ್ಟುಕೊಂಡಿತು. ಹರಕೆ ಫಲಿಸಿತೋ ಇಲ್ಲವೋ? ಫಲಿಸಿದರೆ ಒಪ್ಪಿಸಬೇಕು. ಇಲ್ಲದಿದ್ದರೆ ಕಾಯಬೇಕು. ಎರಡೂ ಅಲ್ಲದ ಹರಕೆ ಲೋಕದಲ್ಲಿ ಉಂಟೇ? "ನಿನ್ನ ಮಾಸ್ಟ್ರಿಗೆ ಗೊತ್ತಿರಬಹುದು" ಎಂದು ಅವರೇ ಹೊರಟರು. ನಮ್ಮ ಕನ್ನಡ ಮೇಷ್ಟ್ರು ಮೈಸೂರು ಕಡೆಯವರು, ಒಂಟಿ ಮನುಷ್ಯ, ಬಹಳ ಮರ್ಯಾದೆಯವರು. ಅಜ್ಜಿ ಬಾಳೆಗೊನೆಯ ಒಂದು ಚಿಪ್ಪು ಹಿಡಿದುಕೊಂಡು ಅವರ ಜಗಲಿ ಹತ್ತಿದರೆ, ನಾನು ನಾಚಿಕೆಯಿಂದ ಕಂಬದ ಹಿಂದೆ ನಿಂತೆ.

"ಮಾಸ್ಟ್ರೇ, ಒಂದೇ ಮಾತು. ಅವಳು ಬಾಗಿಲು ತೆಗೆದಳಾ ಇಲ್ವಾ?"

ಮೇಷ್ಟ್ರು ನಗಲಿಲ್ಲ. ಕುರ್ಚಿ ತಂದು ಅಜ್ಜಿಯನ್ನು ಕೂರಿಸಿದರು. "ಬರೆದವರು ಅದನ್ನ ಹೇಳಿಲ್ಲ ತಾಯಿ. ಓದಿದವರಿಗೆ ಬಿಟ್ಟುಬಿಟ್ಟಿದ್ದಾರೆ."

"ಓದಿದವರಿಗೆ ಅಂದ್ರೆ?"

"ನಿಮ್ಮ ಮೊಮ್ಮಗಳಿಗೆ, ನನಗೆ. ಕೇಳಿಸಿಕೊಂಡಿದ್ದೀರಲ್ಲ, ನಿಮಗೂ."

"ನನಗೆ?"

"ನಿಮಗೇ."

ಅಜ್ಜಿ ಎದ್ದರು. ಬಾಳೆಹಣ್ಣನ್ನು ಕುರ್ಚಿಯ ಮೇಲಿಟ್ಟು ಹೊರಟರು. ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ, "ಏಲಮ್ಮನಿಗೆ ರಜೆ ಯಾವಾಗ?" ಎಂದರು.

ಕ್ರಿಸ್ಮಸ್ಸಿಗೆ ಏಲಿಯಾಮ್ಮ ಊರಿಗೆ ಹೊರಟಾಗ ನಾವೂ ಹೊರಟೆವು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಾಯಿಸಿ, ಕಡಬದಲ್ಲಿ ಇಳಿದು ನಡೆದೆವು. ತವರಿನ ದಾರಿಯನ್ನು ಅಜ್ಜಿ ಯಾರಲ್ಲೂ ಕೇಳಲಿಲ್ಲ. ಅವರ ಮಡಿಲಲ್ಲಿ ಅರಸಿನ ಗಂಟು, ಕೈಯಲ್ಲಿ ವೀಳ್ಯದೆಲೆಯ ಕಟ್ಟು. ಅಂಗಳದ ಅಂಚಿಗೆ ಬಂದು ನಿಂತರು, ಕೆಮ್ಮಿದರು.

ಬೆಳ್ಯಪ್ಪಜ್ಜ ಜಗಲಿಯ ಮಂಚದಲ್ಲಿ ಮಲಗಿದ್ದರು. ಆ ಕೆಮ್ಮಿಗೆ ಅವರ ತಲೆ ಎದ್ದಿತು. ಅವರ ಹೆಂಡತಿ ಒಳಗಿನಿಂದ ಓಡಿ ಬಂದು, ಬಂದವರಿಗೆ ಕೊಡುವ ಬೆಲ್ಲ-ನೀರನ್ನು ತಂದು ಜಗಲಿಯ ಅಂಚಿನಲ್ಲಿ ಇಟ್ಟರು. ಇಟ್ಟ ಮೇಲೆ ಆಣೆ ನೆನಪಾಗಿ, ತೆಗೆಯುವುದೋ ಬಿಡುವುದೋ ತಿಳಿಯದೆ ಸೆರಗು ಹಿಡಿದುಕೊಂಡು ನಿಂತರು. ಅಜ್ಜಿ ಅತ್ತ ನೋಡಲಿಲ್ಲ. ಅಂಗಳದಲ್ಲೇ ನಿಂತು ವೀಳ್ಯದೆಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ಬೆಳ್ಯಪ್ಪ, ಹೇಳಿಕೆಗೆ ಬಂದದ್ದು. ದೈವಕ್ಕೆ ಒಂದು ಹರಕೆ ಉಂಟು. ನೀನು ಬಂದು ನಿಲ್ಲಬೇಕು" ಎಂದರು.

"ಯಾರ ಹರಕೆ ಅಕ್ಕಾ?" ಸ್ವರ ಎಲ್ಲೋ ಬಾವಿಯಿಂದ ಬಂದ ಹಾಗಿತ್ತು.

"ಪದ್ಮಾವತಿಯದ್ದು."

"ಯಾವ ಪದ್ಮಾವತಿ?"

ಅಂಗಳದ ಬಿಸಿಲಿನಲ್ಲಿ ನಿಂತುಕೊಂಡೇ ಅಜ್ಜಿ ಕತೆ ಹೇಳಿದರು, ಅರೆಭಾಷೆಯಲ್ಲಿ, ಮೊದಲಿನಿಂದ. ನಾನು ಪಠ್ಯವೆಂದು ಓದಿದ ಕಾದಂಬರಿ ಅದೇ ಹೌದೇ ಎಂದು ನನಗೆ ಸಂಶಯ. ಬಯಲಸೀಮೆಯ ವಾಸುದೇವ ಅಜ್ಜಿಯ ಬಾಯಲ್ಲಿ ಚಿಕ್ಕಂದಿನಲ್ಲಿ ತಾಯಿ ಸತ್ತು ಅಕ್ಕನ ಸೊಂಟದಲ್ಲಿ ಬೆಳೆದವನಾಗಿದ್ದ. ನಾನು ತಿದ್ದಲು ಹೋದರೆ ಏಲಿಯಾಮ್ಮ ನನ್ನ ಕೈ ಚಿವುಟಿದಳು. ಅವನು ಬಂದು ಬಾಗಿಲು ತಟ್ಟಿದಲ್ಲಿಗೆ ಅಜ್ಜಿ ನಿಲ್ಲಿಸಿದರು.

"ತೆಗೆದಳಾ?" ಎಂದರು ಬೆಳ್ಯಪ್ಪಜ್ಜ.

"ಬರೆದಿಲ್ಲ."

ಅವರು ಮಾಡಿನ ಹಂಚು ನೋಡುತ್ತಾ ಮಲಗಿದ್ದರು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು. "ಅವ ಬಾಗಿಲ ತನಕ ಆದ್ರೂ ಬಂದನಲ್ಲಾ ಅಕ್ಕಾ. ನಾನು ಕುಂಬ್ರದಲ್ಲೇ ನಿಂತೆ."

"ನಾನೂ ಎಂತ ಮುಂದೆ ಬಂದೆನಾ?" ಎಂದರು ಅಜ್ಜಿ. "ಏಳು. ನನ್ನ ಹೆಗಲು ಹಿಡಿ."

ದೈವದ ಗುಡಿ ಇದ್ದದ್ದು ಅಂಗಳದ ಆಚೆ, ಹಲಸಿನ ಮರದ ಬುಡದಲ್ಲಿ. ಬೆಳ್ಯಪ್ಪಜ್ಜನ ಮಗ ಒಂದು ಕಡೆ, ಅಜ್ಜಿ ಒಂದು ಕಡೆ ಹಿಡಿದು ಅವರನ್ನು ನಡೆಸಿದರು. ಮಗ ದೀಪ ಹಚ್ಚಿದ. ನಮ್ಮವರು ತಪ್ಪಾಯಿತು ಎಂದು ಒಬ್ಬರಿಗೊಬ್ಬರು ಹೇಳುವುದಿಲ್ಲ, ಬಾಯಿ ಬರುವುದಿಲ್ಲ. ಇಬ್ಬರೂ ದೈವಕ್ಕೆ ಹೇಳುತ್ತಾರೆ, ಪಕ್ಕದಲ್ಲಿ ನಿಂತವರಿಗೆ ಕೇಳುತ್ತದೆ. "ತಪ್ಪಾಯ್ತು" ಎಂದರು ಅಜ್ಜಿ. "ತಪ್ಪಾಯ್ತು" ಎಂದರು ತಮ್ಮ. ಅಜ್ಜಿ ಅರಸಿನ ಗಂಟನ್ನು ಕಲ್ಲಿನ ಮೇಲಿಟ್ಟು, "ಪದ್ಮಾವತಿ, ವಾಸುದೇವ ಅಂತ ಇಬ್ಬರು ಉಂಟು. ಊರು ಯಾವುದು ಅಂತ ಗೊತ್ತಿಲ್ಲ. ಅವರದ್ದೂ ಸೇರಿಸಿಕೊಳ್ಳಬೇಕು" ಎಂದು ಕೈಮುಗಿದರು. ಮಗನಿಗೆ ಆ ಇಬ್ಬರು ಯಾರು ಎಂದು ತಿಳಿಯಲಿಲ್ಲ. ಹಾಗೆಂದು ಅವನು ಕೇಳಲೂ ಇಲ್ಲ, ಎರಡು ಹೂ ಹೆಚ್ಚಿಗೆ ಇಟ್ಟ.

ತಿರುಗಿ ಬಂದು ಅಜ್ಜಿ ಜಗಲಿ ಹತ್ತಿದರು. ಅಂಚಿನಲ್ಲಿಟ್ಟ ನೀರಿನ ಚೊಂಬು ಅಲ್ಲೇ ಇತ್ತು, ಅದರಲ್ಲಿ ಒಂದು ಇರುವೆ ಬಿದ್ದಿತ್ತು. ಬೇರೆ ತರುತ್ತೇನೆಂದು ನಾದಿನಿ ಕೈ ಚಾಚಿದರು. "ಇದುವೇ ಇರಲಿ" ಎಂದು ಅಜ್ಜಿ ಇರುವೆಯನ್ನು ಬೆರಳಿನಿಂದ ತೆಗೆದು, ಒಂದಿಷ್ಟನ್ನು ತಮ್ಮನ ಬಾಯಿಗೆ ಬಿಟ್ಟು, ಉಳಿದದ್ದನ್ನು ತಾವು ಕುಡಿದರು. ಏಲಿಯಾಮ್ಮ ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ. ಬೆಲ್ಲ ಕಚ್ಚುತ್ತಾ ಅತ್ತದ್ದರಿಂದ ಅಷ್ಟು ಚಂದ ಕಂಡಿರಲಿಕ್ಕಿಲ್ಲ.

ರಜೆ ಮುಗಿದು ಪುತ್ತೂರಿಗೆ ಬಂದರೆ ನನಗೆ ಪರೀಕ್ಷೆಯ ಬೆಂಕಿ. ಪದ್ಮಾವತಿ ಬಾಗಿಲು ತೆಗೆಯದೆ ನಿಂತದ್ದರ ಔಚಿತ್ಯವನ್ನು ವಿವರಿಸಿ ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಗೈಡಿನಲ್ಲಿ ಉತ್ತರ ಇತ್ತು: ಆಕೆಯ ಸ್ವಾಭಿಮಾನ, ಮಾಯದ ನೋವು, ಕ್ಷಮಿಸಲಾಗದ ಮನಸ್ಸಿನ ಕಾಠಿನ್ಯ. ಒಂದು ಮಧ್ಯಾಹ್ನ ಅದನ್ನೇ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಾ ಕೂತಿದ್ದೆ. ಅಜ್ಜಿ ಅಡಿಕೆ ಕತ್ತರಿಸುತ್ತಿದ್ದರು. ಬಾಗಿಲಿಗೆ ಅಗಳಿ ಹಾಕಿತ್ತು.

ಯಾರೋ ಬಾಗಿಲು ತಟ್ಟಿದರು. ಹಾಲಿನವನ ಹಾಗೆ ಅಲ್ಲ. ತಟ್ಟಿ ಅಭ್ಯಾಸವಿಲ್ಲದ ಕೈ, ಮರಕ್ಕೆ ನೋವಾಗಬಾರದು ಎನ್ನುವ ಹಾಗೆ. ಜೊತೆಗೆ ಕೋಲು ನೆಲಕ್ಕೆ ಊರಿದ ಶಬ್ದ. ಆಮೇಲೆ ಸ್ವರ.

"ಅಕ್ಕಾ."

ಬೆಳ್ಯಪ್ಪಜ್ಜ! ಎದ್ದು ನಡೆಯುವಂತಾಗಿ, ಕಡಬದ ಬಸ್ಸು ಹತ್ತಿ, ದಾರಿ ಕೇಳಿಕೊಂಡು ಬಂದಿದ್ದರು. ಜೀವಮಾನದಲ್ಲಿ ಒಂದು ಬಾಗಿಲು ತಟ್ಟಿದವರಲ್ಲ, ಕೆಮ್ಮಿದ್ದರೆ ಸಾಕಿತ್ತು. ಅಂಗಳದಲ್ಲಿ ಕೇಳಿದ ಕತೆಯಲ್ಲಿ ತಮ್ಮನಾದವನು ಬಾಗಿಲು ತಟ್ಟುತ್ತಾನೆ, ಅದಕ್ಕೇ ತಟ್ಟಿದರೋ ಏನೋ. ನಾನು ಅಗಳಿ ತೆಗೆಯಲು ಹಾರಿ ಎದ್ದೆ. ಅಜ್ಜಿ ನನ್ನ ಲಂಗದ ಚುಂಗು ಹಿಡಿದು ಎಳೆದು ಕೂರಿಸಿದರು. ಮುಖದಲ್ಲಿ ಸಿಟ್ಟಿಲ್ಲ, ಸ್ವಾಭಿಮಾನವಿಲ್ಲ, ಗೈಡಿನಲ್ಲಿ ಬರೆದದ್ದು ಒಂದೂ ಇಲ್ಲ. ಕಣ್ಣು ಮುಚ್ಚಿ, ಕಿವಿಯನ್ನು ಬಾಗಿಲ ಕಡೆ ಇಟ್ಟು, ಅಲುಗಾಡದೆ ಕೂತಿದ್ದರು.

"ಬಾಗಿಲು ತೆಗೀಬೇಡ ಕೂಸೇ," ಎಂದು ಪಿಸುಗುಟ್ಟಿದರು, "ಇನ್ನೊಂದು ಸಲ ಕರೀಲಿ."